ಕಂಕಣ ಕಟ್ಟಿದ ದೊಣ್ಣೆ

ಮುಳಬಾಗಿಲು ತಾಲ್ಲೂಕು ಕಚೇರಿಯ ಎರಡನೆಯ ಗುಮಾಸ್ತರಾದ ಕೋದಂಡರಾಮಪ್ಪನವರ ಎಡಗಾಲು ಸ್ವಲ್ಪ ಕುಂಟು. ಹೆಚ್ಚೇನಿಲ್ಲ, ಒಂದು ಹೆಜ್ಜೆ ಗಟ್ಟಿಯಾಗಿ, ಒಂದು ಹೆಜ್ಜೆ ಮೆತ್ತಗೆ ಬೀಳುತ್ತಿತ್ತು. ವರಾಂಡದಲ್ಲಿ ಆ ಸದ್ದು ಕೇಳಿದ ಕೂಡಲೇ ನಾವು ಎಲೆ ಅಡಿಕೆಯ ಚೀಲ ಮುಚ್ಚಿಟ್ಟು ಲೇಖನಿ ಹಿಡಿಯುತ್ತಿದ್ದೆವು. ಆದ್ದರಿಂದ ಆ ಕುಂಟಿನ ಬಗ್ಗೆ ಕಚೇರಿಯಲ್ಲಿ ಯಾರಿಗೂ ದೂರಿರಲಿಲ್ಲ. ನಾನು ಅಲ್ಲಿ ನಕಲು ಗುಮಾಸ್ತನಾಗಿದ್ದೆ, ಅವರ ಪಕ್ಕದ ಮನೆಯಲ್ಲೇ ಬಾಡಿಗೆಗೆ ಇದ್ದೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಗೋಡೆಯಾಚೆಯಿಂದ ಕೇಳಿದ್ದು.

ಕಾಲಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ. "ಬೇಸ್‌ಬಾಲ್."

ಹರಯದಲ್ಲಿ ಅವರು ಕೋಲಾರದ ಚಿನ್ನದ ಗಣಿಯಲ್ಲಿ ಆರು ತಿಂಗಳು ಬರವಣಿಗೆ ಕೆಲಸದಲ್ಲಿದ್ದರಂತೆ. ಆಟಕ್ಕೆ ಒಬ್ಬ ಕಡಮೆಯಾದಾಗ ದೊರೆಗಳು ಇವರನ್ನು ಕರೆದರಂತೆ. ಇವರು ಹೊಡೆದ ಚೆಂಡು ಹೋಗಿ ಗಣಿಯ ಬಾವಿಯೊಳಗೆ ಬಿತ್ತಂತೆ. ಆಮೇಲಿನ ಚೆಂಡು ಕಾಲಿಗೆ ಬಿತ್ತಂತೆ. ಮೊದಲಿನ ಚೆಂಡು ಇನ್ನೂ ತಳ ಮುಟ್ಟಿಲ್ಲವೆಂದು ನಮ್ಮ ಜವಾನ ಮುನಿಶಾಮಿ ಬಂದವರಿಗೆಲ್ಲ ಹೇಳುತ್ತಿದ್ದ. ಕ್ರಿಕೆಟ್ಟು ಎಂದಿದ್ದರೆ ನಮ್ಮ ಆಸ್ಪತ್ರೆಯ ಡಾಕ್ಟರು ಎರಡು ಪ್ರಶ್ನೆ ಕೇಳಿಬಿಡುತ್ತಿದ್ದರು. ಬೇಸ್‌ಬಾಲ್ ಎಂದರೇನೆಂದು ಬಲ್ಲವರು ತಾಲ್ಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಸಾಮಾನು ಕಟ್ಟಿಕೊಟ್ಟ ಇಂಗ್ಲಿಷ್ ಕಾಗದದಲ್ಲಿ ಆ ಪದವನ್ನು ಓದಿದ್ದ ಕೋದಂಡರಾಮಪ್ಪನವರಿಗೂ ಗೊತ್ತಿರಲಿಲ್ಲ.

ನಿಜ ಸಂಗತಿ ಬೇರೆ. ಮದುವೆಯಾದ ವರ್ಷದ ದೀಪಾವಳಿಗೆ ಅವರು ಮಾಲೂರಿನ ಮಾವನ ಮನೆಗೆ ಹೋಗಿದ್ದರು. ಕಜ್ಜಾಯಕ್ಕೆಂದು ನೆನೆಸಿದ ಅಕ್ಕಿ ಕುಟ್ಟಿ ಕುಟ್ಟಿ ಹೆಂಡತಿ ಅನಸೂಯಮ್ಮನ ಎರಡು ಅಂಗೈಯಲ್ಲೂ ಬೊಬ್ಬೆ ಎದ್ದಿತ್ತು. ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಹೊಸ ಅಳಿಯ ಹೆಂಡತಿಯ ಕೈಯಿಂದ ಒನಕೆ ಕಿತ್ತುಕೊಂಡು ತಾನೇ ಕುಟ್ಟತೊಡಗಿದ. ಎರಡು ಪೆಟ್ಟು ಒರಳಿಗೆ ಬಿತ್ತು. ಮೂರನೆಯದು, ಕಬ್ಬಿಣದ ಬಳೆಯ ಸಮೇತ, ಎಡಗಾಲಿನ ಮೇಲೆ ಬಿತ್ತು. ಅತ್ತೆ ಅಕ್ಕಯಮ್ಮ ಎದ್ದು ಬಂದು ನೋಡಿದರು, ಏನೂ ಕೇಳದೆ ಅರಿಶಿನ ಸುಣ್ಣ ಕಲಸಿ ಕಟ್ಟಿದರು. ಅತ್ತೆಯ ಮನೆಯಲ್ಲಿ ಒನಕೆ ಹಿಡಿದು ಕಾಲು ಮುರಿದುಕೊಂಡೆ ಎಂದು ಯಾವ ಗಂಡಸು ಹೇಳಿಕೊಂಡಾನು. ಅದಕ್ಕೇ ಬೇಸ್‌ಬಾಲ್ ಬಂತು. ಅಕ್ಕಯಮ್ಮ ಇಪ್ಪತ್ತು ವರ್ಷ ಬಾಯಿ ಬಿಡಲಿಲ್ಲ. ಅಳಿಯನೂ ಇಪ್ಪತ್ತು ವರ್ಷ ಅವರ ಮಾತಿಗೆ ಎದುರಾಡಲಿಲ್ಲ.

ಸುಳ್ಳು ಹೀಗೆ ಸುಖವಾಗಿದ್ದಾಗ ಮಗಳು ಆದಿಲಕ್ಷ್ಮಿಗೆ ಗಂಡು ಬಂತು. ಹುಡುಗ ಕದಿರೇಶ, ಶ್ರೀನಿವಾಸಪುರದವನು. ಶಾಂತ ಸ್ವಭಾವ, ತಲೆ ತಗ್ಗಿಸಿ ಊಟ ಮಾಡುವವನು. ಅವನ ತಂದೆ ಚನ್ನರಾಯಪ್ಪನವರು ಮಾವಿನ ತೋಪಿನ ಯಜಮಾನರು. ಅವರಿಗೆ ಇದ್ದದ್ದು ಒಂದೇ ಭಯ. ಒಮ್ಮೆ ಆವಣಿಯ ದನಗಳ ಪರಿಷೆಯಲ್ಲಿ ಒಳ್ಳೆಯ ಹಲ್ಲು, ಒಳ್ಳೆಯ ಕೊಂಬು ನೋಡಿ ಒಂದು ಹಸು ತಂದಿದ್ದರು. ಅದು ಕುಂಟಿತು. ಅದರ ಕರು ಕುಂಟಿತು. ಕರುವಿನ ಕರುವೂ ಕುಂಟಿತು. ಅಂದಿನಿಂದ ಅವರು ಮುಖ ನೋಡುವುದನ್ನು ಬಿಟ್ಟು ಕಾಲು ನೋಡುವುದನ್ನು ಹಿಡಿದಿದ್ದರು. ಹೆಣ್ಣು ನೋಡಲು ಬಂದ ದಿನ ಆದಿಲಕ್ಷ್ಮಿಯನ್ನು ಬಾವಿಯವರೆಗೆ ಎರಡು ಸಲ ನಡೆಸಿದರು, ಒಂದು ಸಲ ತುಂಬಿದ ಕೊಡದೊಂದಿಗೆ. ಆಮೇಲೆ ಕೋದಂಡರಾಮಪ್ಪನವರ ಕಡೆ ತಿರುಗಿದರು.

"ಹುಡುಗಿ ಲಕ್ಷಣವಾಗವ್ಳೆ. ಮನೆತನ ಒಳ್ಳೇದು. ಅದೆಲ್ಲಾ ಸರೇ ಬೀಗ್ರೇ, ಆ ಕಾಲಿನ ಮಾತು ಹೇಳಿ. ನಿಮ್ ತಂದೆಯವರೂ ಕುಂಟ್ತಿದ್ರಂತೆ."

"ಅವರದ್ದು ಮುಪ್ಪಿನ ಕೀಲುನೋವು."

"ನಿಮ್ದು?"

"ಬೇಸ್‌ಬಾಲ್" ಎಂದರು ಕೋದಂಡರಾಮಪ್ಪನವರು.

ಚನ್ನರಾಯಪ್ಪನವರು ಬಹಳ ಹೊತ್ತು ಯೋಚಿಸಿದರು. ವಂಶದಲ್ಲಿ ಬರುವ ರೋಗಗಳ ಹೆಸರು ಅವರಿಗೆ ತಿಳಿದಿದ್ದವು, ಅವುಗಳಲ್ಲಿ ಇದು ಇರಲಿಲ್ಲ. ತಾಂಬೂಲ ಬದಲಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆಯಿದೆ. ಕೋದಂಡರಾಮಪ್ಪನವರು ಒಂದೇ ಸುಳ್ಳಿನಲ್ಲಿ ಮುಗಿಸಿದ್ದರು.

ಅದು ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿ, ಮದುವೆ ವೈಶಾಖದ ಒಂದು ಬುಧವಾರಕ್ಕೆ ನಿಶ್ಚಯವಾಗಿತ್ತು. ಅದಕ್ಕೆ ಹತ್ತು ದಿನ ಇರುವಾಗ ಮದರಾಸಿನಿಂದ ಬೆಂಗಳೂರಿಗೆ ಹೋಗುತ್ತಿದ್ದ ಅಮೆರಿಕಾ ಸೈನ್ಯದ ಲಾರಿಗಳ ಭಾರಕ್ಕೆ ನಂಗಲಿ ರಸ್ತೆಯ ಒಂದು ಮೋರಿ ಕುಸಿಯಿತು. ರಿಪೇರಿ ಆಗುವವರೆಗೆ ಸಿಪಾಯಿಗಳು ಊರಾಚೆಯ ತೋಪಿನಲ್ಲಿ ಡೇರೆ ಹಾಕಿದರು. ಮರುದಿನ ಅವರ ಕ್ಯಾಪ್ಟನ್ನು ಕಚೇರಿಗೆ ಬಂದ. ಬೇಸರ ಕಳೆಯಲು ನಾವು ನಮ್ಮ ಊರಿನ ಆಟವೊಂದನ್ನು ಆಡುತ್ತೇವೆ, ನಿಮ್ಮವರೂ ನೋಡಲು ಬರಬಹುದು, ಅದರ ಹೆಸರು ಬೇಸ್‌ಬಾಲ್ ಎಂದು ನಮ್ಮ ಮೇಲಧಿಕಾರಿ ಅಮಲ್ದಾರರಿಗೆ ಹೇಳಿದ.

ಕಚೇರಿಯಲ್ಲಿ ಎಲ್ಲ ಲೇಖನಿಗಳೂ ನಿಂತವು. ಅಮಲ್ದಾರರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ನೋಡುವುದೇನು, ನಾವು ಆಡುತ್ತೇವೆ, ಮೈಸೂರು ಸಂಸ್ಥಾನದಲ್ಲಿ ಈ ಆಟದಲ್ಲಿ ಕಾಲು ಕಳೆದುಕೊಂಡ ಮನುಷ್ಯ ನನ್ನ ಕೈಕೆಳಗೇ ಇದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕ್ಯಾಪ್ಟನ್ನು ಟೋಪಿ ತೆಗೆದು ಕೋದಂಡರಾಮಪ್ಪನವರ ಕಾಲಿಗೆ ಗೌರವ ಸೂಚಿಸಿದ.

"ಸ್ವಾಮಿ, ಮಗಳ ಮದುವೆ" ಎಂದರು ಕೋದಂಡರಾಮಪ್ಪನವರು.

"ಮದುವೆ ಬುಧವಾರ. ಆಟ ಭಾನುವಾರ."

"ದೊಣ್ಣೆ ಇಲ್ಲ ಸ್ವಾಮಿ. ಅಭ್ಯಾಸ ತಪ್ಪಿ ಇಪ್ಪತ್ತು ವರ್ಷ ಆಯ್ತು."

ಸಂಜೆಯೊಳಗೆ ಒಂದು ದೊಣ್ಣೆ ಹಿಡಿದು, ಅಭ್ಯಾಸ ಮಾಡಿಸಲು ಒಬ್ಬ ಆರಡಿ ಸಾರ್ಜೆಂಟನು ಅವರ ಮನೆಗೆ ಬಂದ. ಅಮಲ್ದಾರರು ಸಂತೆಯ ದಿನ ಡಂಗೂರ ಹೊಡೆಸಿದರು. ಸಂತೆಗೆ ಬಂದಿದ್ದ ಮಾವಿನಕಾಯಿ ವ್ಯಾಪಾರಿಗಳು ಸುದ್ದಿಯನ್ನು ಶ್ರೀನಿವಾಸಪುರಕ್ಕೆ ಒಯ್ದರು. ಎರಡೇ ದಿನದಲ್ಲಿ ಚನ್ನರಾಯಪ್ಪನವರಿಂದ ಕಾರ್ಡು ಬಂತು. "ಕ್ಷೇಮ. ಭಾನುವಾರ ನೆಂಟರೊಂದಿಗೆ ಬರುತ್ತೇವೆ. ಕಾಲಿಗೆ ಪೆಟ್ಟು ಬೀಳುವ ಆ ಆಟವನ್ನು ಕಣ್ಣಾರೆ ನೋಡಿದರೆ ನಮ್ಮ ಕಡೆಯ ಹೆಂಗಸರ ಅನುಮಾನವೂ ತೀರುತ್ತದೆ."

ಆ ಕಾರ್ಡನ್ನು ಕೋದಂಡರಾಮಪ್ಪನವರು ನನಗೆ ತೋರಿಸಿ ಬೆರಳು ಮಡಿಸುತ್ತಾ ಎಣಿಸಿದರು. ಬ್ಯಾಟು ಹಿಡಿಯಲು ಬಾರದೆಂದು ತಿಳಿದರೆ ಆಟ ಸುಳ್ಳು. ಆಟ ಸುಳ್ಳಾದರೆ ಕುಂಟು ವಂಶದ್ದು. ಕುಂಟು ವಂಶದ್ದಾದರೆ ಮದುವೆ ಇಲ್ಲ. ತಾಲ್ಲೂಕು ಕಚೇರಿಯ ಯಾವ ಕಡತವೂ ಅಷ್ಟು ನೇರವಾಗಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋದದ್ದನ್ನು ನಾನು ಕಂಡಿಲ್ಲ.

ಅಭ್ಯಾಸ ಹಿತ್ತಲಲ್ಲಿ ನಡೆಯಿತು. ಸಾರ್ಜೆಂಟನಿಗೆ ಕನ್ನಡ ಬಾರದು. ಕೋದಂಡರಾಮಪ್ಪನವರ ಇಂಗ್ಲಿಷು "ತಮ್ಮ ವಿಧೇಯ ಸೇವಕ" ಎಂಬಲ್ಲಿಗೆ ನಿಲ್ಲುತ್ತಿತ್ತು. ಅವನು ಮೈ ಮೇಲೇ ಪಾಠ ಹೇಳಿದ. ಪಕ್ಕಕ್ಕೆ ತಿರುಗಿ ನಿಲ್ಲಬೇಕು, ದೊಣ್ಣೆ ಹೆಗಲ ಹಿಂದಿರಬೇಕು, ಭಾರವೆಲ್ಲ ಹಿಂದಿನ ಕಾಲ ಮೇಲಿರಬೇಕು, ಚೆಂಡು ಬಂದಾಗ ಸೊಂಟ ತಿರುಗಿಸಿ ಭಾರವನ್ನು ಮುಂದಿನ ಕಾಲಿಗೆ ತರಬೇಕು. ಮುಂದಿನ ಕಾಲು ಎಡಗಾಲು. ಭಾರ ಅಲ್ಲಿಗೆ ಬಂದ ಪ್ರತಿ ಸಲವೂ ಕೋದಂಡರಾಮಪ್ಪನವರು ತೊಗರಿ ಗಿಡದ ಮೇಲೆ ಬೀಳುತ್ತಿದ್ದರು. ಮುನಿಶಾಮಿ ಮಾವಿನಕಾಯಿ ಎಸೆಯುತ್ತಿದ್ದ. ಎಪ್ಪತ್ತು ಕಾಯಿ ಎಸೆದ ಮೇಲೆ ಒಂದಕ್ಕೆ ದೊಣ್ಣೆ ತಗಲಿತು, ಅದು ನೇರವಾಗಿ ನನ್ನ ಅಡುಗೆಮನೆಯ ಹೆಂಚಿಗೆ ಬಂತು. ಉಳಿದದ್ದಕ್ಕೆ ಅನಸೂಯಮ್ಮ ಉಪ್ಪಿನಕಾಯಿ ಹಾಕಿದರು.

ಗೋಡೆಯ ಮೇಲೆ ಊರೇ ಕೂತಿತ್ತು. ಎಲ್ಲರಿಗೂ ಒಂದೊಂದು ಬಡಿಯುವ ಕಸುಬು ಗೊತ್ತು, ಎಲ್ಲರೂ ತಮ್ಮ ತಮ್ಮದನ್ನು ಹೇಳಿದರು. ಹುಣಸೆ ಬಡಿಯುವ ಪೆದ್ದಪ್ಪ, "ಸಾಮೀ, ಮೇಲ್ ನೋಡಿ, ಮೇಲ್ ನೋಡಿ, ಹಣ್ಣು ಎಲ್ಲೈತೋ ಅಲ್ ಬಡೀರಿ" ಎಂದ. ಮೇಲೆ ನೋಡಿದಾಗ ಮುನಿಶಾಮಿಯ ಕಾಯಿ ಹೊಟ್ಟೆಗೆ ಬಿತ್ತು. ಪೊಲೀಸ್ ಕಾನ್‌ಸ್ಟೇಬಲ್ಲು ಮುನಿರಾಮಪ್ಪ, ಮೊದಲು ಎರಡು ಏಟು ನೆಲಕ್ಕೆ ಬಡಿದರೆ ಮೂರನೆಯದಕ್ಕೆ ಎಂಥವನೂ ಒಪ್ಪಿಕೊಳ್ಳುತ್ತಾನೆ ಎಂದ.

ಮದುವೆಗೆಂದು ಮಾಲೂರಿನಿಂದ ಬಂದಿದ್ದ ಅಕ್ಕಯಮ್ಮ ಹಿತ್ತಲ ಬಾಗಿಲಲ್ಲಿ ಅವರೆಕಾಳು ಆರಿಸುತ್ತಾ ಎರಡು ದಿನ ಇದನ್ನೆಲ್ಲ ನೋಡಿದರು. ಮೂರನೆಯ ದಿನ ಮೊರ ಕೆಳಗಿಟ್ಟರು.

"ಅಳಿಯಂದ್ರು ದೊಣ್ಣೇನ ಬಿಗಿಯಾಗಿ ಹಿಡೀಬಾರ್ದು. ಬಿಗಿಯಾಗಿ ಹಿಡಿದ್ರೆ ಬೊಬ್ಬೆ ಬರ್ತದೆ. ಕಣ್ಣು ಕೈ ಮೇಲೆ ಇರ್ಬಾರ್ದು, ಒರಳಲ್ಲಿರ್ಬೇಕು."

"ಒರಳೆಲ್ಲಿದೆ ಅತ್ತೆ?"

"ಆ ಕಾಯೇ ಒರಳು ಅಂದ್ಕೊಳ್ಳಿ. ಆವತ್ತೇ ಕೇಳಿದ್ರೆ ಹೇಳಿರ್ತಿದ್ದೆ. ನೀವ್ ಕೇಳ್ಲಿಲ್ಲ."

ಅವರು ಹೇಳಿದಂತೆ ಹಿಡಿದಾಗ ನಾಲ್ಕು ಕಾಯಿಯಲ್ಲಿ ಒಂದಕ್ಕೆ ದೊಣ್ಣೆ ತಗಲತೊಡಗಿತು. ಸಾರ್ಜೆಂಟನು ಅಕ್ಕಯಮ್ಮನ ಕೈ ಕುಲುಕಲು ಬಂದ. ಅವರು ಅವನ ಕೈಗೆ ಒಂದು ಹಿಡಿ ಅವರೆಕಾಳು ಹಾಕಿ ಕಳಿಸಿದರು.

ಊರವರೆಲ್ಲ ಮುಟ್ಟಿ ಬೀಸಿ ನೋಡಲು ಬರುತ್ತಿದ್ದರಿಂದ ಗುರುವಾರ ಸಂಜೆ ಕೋದಂಡರಾಮಪ್ಪನವರು ಬ್ಯಾಟನ್ನು ಅವರ ಕಣ್ಣಿಗೆ ಬೀಳದಂತೆ ಬಚ್ಚಿಡಲು ಜಾಗ ಹುಡುಕಿದರು. ಕೋಲನ್ನು ಬಚ್ಚಿಡಲು ಕೋಲುಗಳ ನಡುವೆಯೇ ಇಡಬೇಕೆಂದು ಅವರಿಗೆ ತೋಚಿತು. ಅಡುಗೆಮನೆಯ ಮೂಲೆಯಲ್ಲಿ, ಒರಳಿನ ಪಕ್ಕ, ಒನಕೆಯ ಜಾಗದಲ್ಲಿ ಒರಗಿಸಿಟ್ಟರು. ಹಳೆಯ ಒನಕೆ ಸೀಳಿತ್ತು. ಹೊಸದು ಇನ್ನೂ ಆಚಾರಿಯ ಮನೆಯಿಂದ ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅರಿಶಿನ ಕುಟ್ಟುವ ಶಾಸ್ತ್ರ. ಊರಿನ ಎಲ್ಲ ಮದುವೆಗಳಲ್ಲೂ ಅದನ್ನು ನಡೆಸುವವರು ಎಪ್ಪತ್ತೈದು ವರ್ಷದ ಮುತ್ತೈದೆ ಮುನಿಯಲ್ಲಮ್ಮ. ಅವರಿಗೆ ಮೊಳದಾಚೆ ಏನೂ ಕಾಣದು, ಆದರೆ ಕೈಯಲ್ಲಿ ಮುಟ್ಟಿ ಎಲ್ಲವನ್ನೂ ತಿಳಿಯುತ್ತಾರೆ. ಮೂಲೆಯಲ್ಲಿದ್ದದ್ದನ್ನು ಮುಟ್ಟಿ ಸವರಿದರು.

"ಬಾಗುಂದಿ, ಚೆನ್ನಾಗೈತೆ, ಎಷ್ಟು ನುಣುಪು. ಒಸಿ ಗಿಡ್ಡ. ಏನ್ ಮಾಡೋದು, ಯುದ್ಧ ಕಾಲ, ಅಕ್ಕಿ ಸೀಮೆಎಣ್ಣೆ ತರ ಒನಕೇನೂ ಕಂಟ್ರೋಲಿಗೆ ಬಂದೈತೆ."

ಮರದ ಮೇಲೆ ಸುಟ್ಟು ಬರೆದಿದ್ದ ಇಂಗ್ಲಿಷ್ ಅಕ್ಷರಗಳು ಬೆರಳಿಗೆ ತಗಲಿದವು. ಮುಯ್ಯಿ ಕೊಟ್ಟವರ ಹೆಸರು ಹಾಕಿಸಿದ್ದಾರೆ ಎಂದು ಮೆಚ್ಚಿಕೊಂಡರು. ಶಾಸ್ತ್ರದ ನಡುವೆ ಅವರನ್ನು ತಿದ್ದುವ ಧೈರ್ಯ ಮನೆಯವರಿಗೆ ಇರಲಿಲ್ಲ. ಬ್ಯಾಟಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಂತು, ವೀಳ್ಯದೆಲೆಯೊಂದಿಗೆ ಅರಿಶಿನ ಕೊಂಬಿನ ಕಂಕಣ ಬಂತು, ಐವರು ಮುತ್ತೈದೆಯರು ಹಾಡು ಹೇಳುತ್ತಾ ಅದರಲ್ಲಿ ಅರಿಶಿನ ಕುಟ್ಟಿದರು. ಕುಟ್ಟುವುದಕ್ಕೆ ಅದು ಚೆನ್ನಾಗಿತ್ತಂತೆ.

ಕಚೇರಿಯಿಂದ ಬಂದ ಕೋದಂಡರಾಮಪ್ಪನವರು ಅದನ್ನು ನೋಡಿ ಕಂಬಕ್ಕೆ ಒರಗಿ ಕೂತರು. ಅವರ ಮುಖದ ಮೇಲೆ ಸಂತೋಷ ಹರಡಿದ್ದನ್ನು ನಾನು ಆ ವಾರದಲ್ಲಿ ಮೊದಲ ಸಲ ಕಂಡೆ.

"ಮುನಿಯಲ್ಲಮ್ಮನೋರೇ, ಕಂಕಣ ಕಟ್ಟಿದ್ದನ್ನು ಮದುವೆ ಮುಗಿಯೋವರೆಗೆ ಹೊರಗೆ ಒಯ್ಯಬಾರದು, ಅಲ್ವೇ?"

"ಊರ ಎಲ್ಲೆ ದಾಟಬಾರ್ದು. ಮದುಮಗಳೂ ದಾಟಬಾರ್ದು, ಒನಕೇನೂ ದಾಟಬಾರ್ದು."

ಸಿಪಾಯಿಗಳ ತೋಪು ಎಲ್ಲೆಕಲ್ಲಿನ ಆಚೆಗಿತ್ತು. ಕೋದಂಡರಾಮಪ್ಪನವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಅಮಲ್ದಾರರ ಮನೆಗೆ ಓಡುನಡಿಗೆಯಲ್ಲಿ ಹೋಗಿ, ಕಂಕಣ ಕಟ್ಟಿದ ಬ್ಯಾಟು ಊರ ಎಲ್ಲೆ ದಾಟುವಂತಿಲ್ಲ, ಆದ್ದರಿಂದ ಆಡಲಾಗದು ಎಂದರು. ಸಿಪಾಯಿಗಳಲ್ಲಿ ಬೇರೆ ಬ್ಯಾಟುಗಳಿವೆಯಲ್ಲ ಎಂದು ಅಮಲ್ದಾರರು ಹೇಳಬಹುದೆಂದು ಮೊದಲೇ ಊಹಿಸಿ, ಕೈ ಪಳಗಿದ ಬ್ಯಾಟಿನ ಹೊರತು ಬೇರೆಯದನ್ನು ನಿಜವಾದ ಆಟಗಾರ ಮುಟ್ಟುವುದಿಲ್ಲ ಎಂದೂ ಸೇರಿಸಿದರು. ಅಮಲ್ದಾರರು ಅದನ್ನು ಹಾಗೆಯೇ ಕ್ಯಾಪ್ಟನ್ನಿಗೆ ಬರೆದು ಕಳಿಸಿದರು. ಕ್ಯಾಪ್ಟನ್ನಿನ ಉತ್ತರ ಅರ್ಧ ಗಂಟೆಯಲ್ಲಿ ಬಂತು. ನಿಜವಾದ ಆಟಗಾರನ ಮಾತು ಅಂದರೆ ಇದು, ನಮ್ಮ ಊರಿನಲ್ಲೂ ದೊಡ್ಡ ಆಟಗಾರರು ಹೀಗೆಯೇ. ಆ ಬ್ಯಾಟು ಊರು ಬಿಟ್ಟು ಬರಲಾಗದಿದ್ದರೆ ನಾವೇ ಬ್ಯಾಟು ಇರುವಲ್ಲಿಗೆ ಬರುತ್ತೇವೆ ಎಂದು.

ಹೀಗೆ ತೋಪಿನಲ್ಲಿ ನಾನೂರು ಜನರ ಮುಂದೆ ಆಗಬೇಕಿದ್ದದ್ದು ಸಂತೆ ಮೈದಾನದಲ್ಲಿ ನಾಲ್ಕು ಸಾವಿರ ಜನರ ಮುಂದೆ ಆಯಿತು.

ಭಾನುವಾರ, ಪೆಟ್ರೋಲಿಲ್ಲದ ಆ ಯುದ್ಧಕಾಲದ ಇದ್ದಿಲು ಬಸ್ಸಿನಲ್ಲಿ ಶ್ರೀನಿವಾಸಪುರದಿಂದ ಮೂವತ್ತೆರಡು ಜನ ಬಂದರು, ಎಲ್ಲರ ಮುಖವೂ ಮಸಿ. ಚನ್ನರಾಯಪ್ಪನವರಿಗೆ ಮುಂದೆ ಕುರ್ಚಿ ಹಾಕಲಾಗಿತ್ತು. ಅವರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಅಲ್ಲಿಂದ ಕಾಲು ಚೆನ್ನಾಗಿ ಕಾಣುತ್ತದೆ ಎಂದರು. ಕದಿರೇಶ ಅವರ ಹಿಂದೆ ತಲೆ ತಗ್ಗಿಸಿ ಕೂತ. ಬ್ಯಾಟು ಹರಿವಾಣದಲ್ಲಿ ಮಲಗಿ, ವಾದ್ಯದೊಂದಿಗೆ, ಮುತ್ತೈದೆಯರ ನಡುವೆ ಬಂತು. ಸಾರ್ಜೆಂಟನು ಕಂಕಣದ ದಾರಕ್ಕೆ ಕೈ ಹಾಕಿದ. ಹರಿವಾಣ ತಡವುತ್ತಿದ್ದ ಮುನಿಯಲ್ಲಮ್ಮ ಅವನ ಬೆರಳುಗಳನ್ನು ಹಿಡಿದರು. ಅವನು ಕೈ ತೆಗೆದ.

ಮೊದಲು ಅಮೆರಿಕದವರು ಹೊಡೆದರು. ಲೆಕ್ಕ ಬರೆಯುವ ಕೆಲಸ ನನ್ನದು. ಹದಿನೇಳರ ಹತ್ತಿರ ನನ್ನ ಸೀಸದ ಕಡ್ಡಿ ಮುರಿಯಿತು, ಆಮೇಲೆ ಯಾರೂ ಲೆಕ್ಕ ಕೇಳಲಿಲ್ಲ. ಅವರ ಒಂದು ಚೆಂಡು ಪೇಟೆ ಬೀದಿಯವರೆಗೆ ಹೋಗಿ ಒಬ್ಬ ಬೆಲ್ಲದ ವ್ಯಾಪಾರಿಯ ತಕ್ಕಡಿಯಲ್ಲಿ ಬಿತ್ತು. ಆಮೇಲೆ ನಮ್ಮವರ ಸರದಿ ಬಂತು. ಮುನಿರಾಮಪ್ಪನು ಹೇಳಿದಂತೆಯೇ ಎರಡು ಏಟು ನೆಲಕ್ಕೆ ಹೊಡೆದ. ಅಷ್ಟರಲ್ಲಿ ಚೆಂಡು ಮೂರು ಸಲ ಬಂದುಹೋಗಿತ್ತು. ಮೂರು ಸಲ ತಪ್ಪಿದರೆ ಔಟು ಎಂಬುದನ್ನು ಅಮಲ್ದಾರರು ಎಲ್ಲರಿಗೂ ವಿವರಿಸಿದರು. ಕೊನೆಗೆ ಕೋದಂಡರಾಮಪ್ಪನವರು ಕಚ್ಚೆ ಬಿಗಿದು, ಹಣೆಗೆ ಕುಂಕುಮ ಇಟ್ಟುಕೊಂಡು, ಕಂಕಣದ ಬ್ಯಾಟನ್ನು ಕಣ್ಣಿಗೊತ್ತಿಕೊಂಡು ನಿಂತರು.

ಮೊದಲನೆಯ ಚೆಂಡು ಬಂದದ್ದು ಯಾರಿಗೂ ಕಾಣಲಿಲ್ಲ. ಅವರಿಗಂತೂ ಕಾಣಲಿಲ್ಲ. ಮುನಿಶಾಮಿಯ ಮಾವಿನಕಾಯಿಗೂ ಇದಕ್ಕೂ ವೇಗದಲ್ಲಿ ಎತ್ತಿನ ಗಾಡಿಗೂ ಮದರಾಸು ಮೇಲ್ ರೈಲಿಗೂ ಇರುವಷ್ಟು ವ್ಯತ್ಯಾಸ. ಎರಡನೆಯದಕ್ಕೆ ಅವರು ಭಯದಿಂದ ಅಭ್ಯಾಸವೆಲ್ಲ ಮರೆತು, ಬ್ಯಾಟನ್ನು ಎರಡು ಕೈಯಲ್ಲಿ ನೆಟ್ಟಗೆ ಮೇಲೆತ್ತಿ ಕೆಳಗೆ ಕುಟ್ಟಿದರು. ಅದು ಎಡಗಾಲಿಗೆ ಎರಡು ಬೆರಳು ದೂರದಲ್ಲಿ ನೆಲಕ್ಕೆ ನಾಟಿತು.

ಅಕ್ಕಯಮ್ಮನವರಿಗೆ ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ಕಟ್ಟಿಟ್ಟ ಬಾಯಿ ಅದು.

"ಒನಕೆ ಎತ್ತಿದಂಗೆ ಎತ್ತಬ್ಯಾಡಿ ಅಳಿಯಂದ್ರೇ, ಮತ್ತೆ ಕಾಲ್ ಮೇಲೆ ಹಾಕ್ಕೊಳ್ತೀರ."

ಮೈದಾನದಲ್ಲಿ ಎಲ್ಲರೂ ನಕ್ಕರು. ಚನ್ನರಾಯಪ್ಪನವರು ನಗಲಿಲ್ಲ. ಅವರು ನಿಧಾನವಾಗಿ ಎದ್ದು, ಪಂಚೆಯ ಧೂಳು ಕೊಡವಿ ಕೇಳಿದರು.

"ಅಮ್ಮಾ, ಮತ್ತೆ ಅಂದ್ರಲ್ಲ. ಮತ್ತೆ ಅಂದ್ರೇನು?"

ಅಕ್ಕಯಮ್ಮ ಮಗಳ ಕಡೆ ನೋಡಿದರು. ಅನಸೂಯಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಮುದುಕಿ ಸುಳ್ಳು ಕಟ್ಟುವ ಜಾಯಮಾನದವರಲ್ಲ. ನಡೆದದ್ದನ್ನು ನಡೆದಂತೆ ಹೇಳಿದರು. ದೀಪಾವಳಿ, ಕಜ್ಜಾಯದ ಅಕ್ಕಿ, ಮಗಳ ಅಂಗೈಯ ಬೊಬ್ಬೆ, ಎಲ್ಲರೂ ಮಲಗಿದ್ದ ಮಧ್ಯಾಹ್ನ, ಮೂರನೆಯ ಪೆಟ್ಟು. "ನನ್ ಮಗಳ ಕೈ ನೋಯ್ತದೆ ಅಂತ ತಾವು ಕುಟ್ಟೋಕ್ ಹೋದ್ರು. ಅಂತಾ ಅಳಿಯ ಯಾರಿಗ್ ಸಿಕ್ತಾರೆ ಹೇಳಿ. ಕಾಲು ವಂಶದ್ದಲ್ಲ ಬೀಗ್ರೇ, ಒನಕೇದು."

ಚನ್ನರಾಯಪ್ಪನವರು ಪೂರ್ತಿ ಕೇಳಿದರು.

"ಗಂಡಸು. ಅತ್ತೆ ಮನೇಲಿ. ಒನಕೆ ಹಿಡಿದು ಹಿಟ್ಟು ಕುಟ್ದ."

"ಹೌದು."

"ನಂಗೆ ಅರವತ್ತು ವರ್ಷ ಆಯ್ತಮ್ಮ. ನಮ್ಮಪ್ಪ ಕುಟ್ಟಿದ್ದು ಕಾಣೆ, ನಮ್ ತಾತ ಕುಟ್ಟಿದ್ದು ಕಾಣೆ. ಮೂರು ತಾಲ್ಲೂಕು ಸುತ್ತಿದೀನಿ, ಅಂತಾ ಗಂಡಸನ್ನ ಕಂಡಿಲ್ಲ. ಅದೆಲ್ಲಾ ಸರೇ, ಕುಂಟು ಮುಚ್ಚೋಕೆ ಮೊದ್ಲು ಚೆಂಡಿನ ಕತೆ ಹೇಳಿದ್ರಿ. ಅದು ನಿಲ್ಲದೆ ಇದ್ದಾಗ ಒನಕೆ ಕತೆ ಕಟ್ಟಿದ್ರಿ. ಬುಧವಾರದ ಮಾತು ಇಲ್ಲಿಗೆ ಬಿಡೋಣ."

ಕ್ಯಾಪ್ಟನ್ನು ಇದೇನೆಂದು ಅಮಲ್ದಾರರನ್ನು ಕೇಳಿದ. ಅಮಲ್ದಾರರು ತಾಲ್ಲೂಕಿನ ಮಾನ ಉಳಿಸಲು "ಪ್ರಾರ್ಥನೆ" ಎಂದರು. ಅಮೆರಿಕದವರೆಲ್ಲ ಟೋಪಿ ತೆಗೆದರು.

ಆದಿಲಕ್ಷ್ಮಿ ಅಳುತ್ತಿದ್ದಳು. ಹಿಂದೆ ಕೂತಿದ್ದ ಕದಿರೇಶ ಮೊದಲ ಸಲ ತಲೆಯೆತ್ತಿ ಅವಳ ಕಡೆ ನೋಡಿದ್ದನ್ನು ನಾನು ಕಂಡೆ. ಕೋದಂಡರಾಮಪ್ಪನವರು ಬ್ಯಾಟು ಹೆಗಲಿಗೆ ಒರಗಿಸಿಕೊಂಡು, ಚೆಂಡನ್ನು, ಆಟವನ್ನು, ಒರಳನ್ನು ಮರೆತು ಬೀಗರ ಕಡೆಗೇ ನೋಡುತ್ತಾ ನಿಂತರು. ಇಪ್ಪತ್ತು ವರ್ಷದ ಮೇಲೆ ನಿಜ ಹೊರಗೆ ಬಂದಿತ್ತು, ಅದನ್ನು ನಂಬುವವರಿರಲಿಲ್ಲ.

ಮಾತು ನಿಂತದ್ದರಿಂದ ಪ್ರಾರ್ಥನೆ ಮುಗಿಯಿತೆಂದು ಎಸೆಯುವವನು ತಿಳಿದ. ಟೋಪಿ ಹಾಕಿಕೊಂಡು ಮೂರನೆಯ ಚೆಂಡು ಎಸೆದ.

ಅದು ತಗ್ಗಾಗಿ ಬಂದು ಕೋದಂಡರಾಮಪ್ಪನವರ ಬಲಗಾಲಿನ ಹೆಬ್ಬೆರಳ ಗೆಣ್ಣಿಗೆ ಬಿತ್ತು. ಆ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತು. ಅವರು ಕೂಗಲಿಲ್ಲ, ಬ್ಯಾಟನ್ನು ಜೋಪಾನವಾಗಿ ಹರಿವಾಣದಲ್ಲಿಟ್ಟು ಆಮೇಲೆ ಬಿದ್ದರು.

ಎಲ್ಲರಿಗಿಂತ ಮೊದಲು ಓಡಿಬಂದವರು ಚನ್ನರಾಯಪ್ಪನವರು. ಮಂಡಿಯೂರಿ ಕಾಲನ್ನು ಕೈಗೆತ್ತಿಕೊಂಡರು. ಎತ್ತಿನ ಗೊರಸು ನೋಡುವಂತೆ ತಿರುಗಿಸಿ, ಒತ್ತಿ, ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗುವವರೆಗೆ ಕಾದು ನೋಡಿದರು. ಆಮೇಲೆ ತಮ್ಮ ಕಡೆಯ ಮೂವತ್ತೊಂದು ಜನರತ್ತ ತಿರುಗಿದರು.

"ನೋಡ್ಕೊಳ್ರಪ್ಪ. ಕಣ್ಣೆದುರಿಗೇ ಆಯ್ತು. ಇದು ಕಾಲು ಮುರಿಯೋ ಆಟಾನೇ." ಅವರ ಕಣ್ಣಲ್ಲಿ ನೀರಿತ್ತು. "ಬೀಗ್ರೇ, ಅನುಮಾನ ಪಟ್ಟೆ, ತಪ್ಪಾಯ್ತು. ಇಂತಾ ಆಟಾನ ಎರಡು ಸಲ ಆಡಿದೀರಲ್ಲ, ಎಂತಾ ಗುಂಡಿಗೆ ನಿಮ್ದು." ಅಕ್ಕಯಮ್ಮನವರಿಗೂ ಒಂದು ಮಾತು ಹೇಳಿದರು. "ಅಮ್ಮಾ, ಗಾಬರೀಲಿ ಬಾಯಿಗೆ ಬಂದಿದ್ದು ಹೇಳಿದ್ರಿ. ಅಳಿಯನ ಮರ್ಯಾದೆ ಹಿಂಗ್ ಕಳೀಬಾರ್ದು."

ಅಕ್ಕಯಮ್ಮ ಮೊಮ್ಮಗಳ ಕಣ್ಣೊರೆಸಲು ಹೋದರು. ನಿಜ ನುಡಿದ ಆ ಮುದುಕಿ ಸುಳ್ಳುಗಾತಿ ಎನಿಸಿಕೊಂಡದ್ದು ನನಗೆ ಇಂದಿಗೂ ಬೇಸರ.

ಇಷ್ಟರಲ್ಲಿ ಕ್ಯಾಪ್ಟನ್ನು ಬಂದು, ಚೆಂಡು ಮೈಗೆ ಬಿದ್ದರೆ ಹೊಡೆಯುವವನಿಗೆ ಮೊದಲನೆಯ ಠಾಣೆ ಹಕ್ಕಾಗಿ ಸಿಗುತ್ತದೆ ಎಂದು ನಿಯಮ ತಿಳಿಸಿದ. ಠಾಣೆಯೆಂದರೆ ಮೂವತ್ತು ಗಜ ದೂರದಲ್ಲಿ ನೆಲಕ್ಕೆ ಹಾಸಿದ್ದ ಗೋಣಿಚೀಲ. ಮುನಿಶಾಮಿ, ಪೆದ್ದಪ್ಪ ಸೇರಿ ಅವರನ್ನು ಹೊತ್ತುಕೊಂಡು ಹೋಗಿ ಅದರ ಮೇಲೆ ಕೂರಿಸಿದರು. ಊರಿನವರಿಗೆ ಆಟ ಆಗ ಅರ್ಥವಾಯಿತು. ಪೆಟ್ಟು ತಿಂದವನಿಗೆ ಮುಂದಿನ ಸ್ಥಾನ ಸಿಗುತ್ತದೆ, ಸರ್ಕಾರಿ ನೌಕರಿಯ ಹಾಗೆಯೇ. ಆ ದಿನ ಮುಳಬಾಗಿಲಿನ ಪರವಾಗಿ ಗೋಣಿಚೀಲ ಮುಟ್ಟಿದವರು ಅವರೊಬ್ಬರೇ, ಮತ್ತು ಅಮಲ್ದಾರರು ಅದನ್ನು ಕೋಲಾರಕ್ಕೆ ವರದಿ ಬರೆದರು.

ಬುಧವಾರ ಮದುವೆಯಾಯಿತು. ಕೋದಂಡರಾಮಪ್ಪನವರು ಎರಡು ಕಾಲೂ ಸಮನಾಗಿ ನೋಯುತ್ತಿದ್ದುದರಿಂದ ಎರಡು ಹೆಜ್ಜೆಯನ್ನೂ ಸಮನಾಗಿ ಮೆತ್ತಗೆ ಇಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರು ಅಷ್ಟು ನೆಟ್ಟಗೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಚನ್ನರಾಯಪ್ಪನವರು ಅದನ್ನು ಎಲ್ಲರಿಗೂ ತೋರಿಸಿ ತೋರಿಸಿ ಹೇಳಿದರು. ಕಂಕಣ ಬಿಚ್ಚಿದ ಮೇಲೆ ಕ್ಯಾಪ್ಟನ್ನು ಬ್ಯಾಟನ್ನು ಮದುಮಗಳಿಗೇ ಮುಯ್ಯಿ ಕೊಟ್ಟು ಹೋದ. ಕಚೇರಿಯಲ್ಲಿ ಮಾತ್ರ ನಮಗೆ ಕಷ್ಟವಾಯಿತು, ಅವರು ಬರುವ ಸದ್ದು ಎರಡು ತಿಂಗಳು ಕೇಳಿಸಲೇ ಇಲ್ಲ.

ಆ ವರ್ಷದ ದೀಪಾವಳಿಗೆ ಕದಿರೇಶ ಹೆಂಡತಿಯೊಂದಿಗೆ ಮಾವನ ಮನೆಗೆ ಬಂದ. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಂದಿದ್ದ. ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ನಾನು ಜಗುಲಿಯ ಮೇಲೆ ಕೋದಂಡರಾಮಪ್ಪನವರ ಜೊತೆ ಎಲೆ ಹಾಕುತ್ತಿದ್ದೆ. ಒಳಗಿನಿಂದ ಒನಕೆಯ ಸದ್ದು ಬಂತು, ಒಂದು, ಎರಡು. ಮೂರನೆಯದು ಬೇರೆ ತರಹ ಕೇಳಿಸಿತು. ಅದರ ಹಿಂದೆಯೇ ಆದಿಲಕ್ಷ್ಮಿ "ಅಯ್ಯೋ" ಎಂದಳು.

ಕೋದಂಡರಾಮಪ್ಪನವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಆ ಸದ್ದು ಅವರಿಗೆ ಗೊತ್ತಿತ್ತು.

ನಾವು ಒಳಗೆ ಹೋದಾಗ ಕದಿರೇಶ ಎಡಗಾಲು ಹಿಡಿದುಕೊಂಡು ಕೂತಿದ್ದ. ಆದಿಲಕ್ಷ್ಮಿಯ ಅಂಗೈಯಲ್ಲಿ ಬೊಬ್ಬೆಗಳಿದ್ದವು. ಕೋದಂಡರಾಮಪ್ಪನವರು ಏನೂ ಕೇಳಲಿಲ್ಲ. ತಾವೇ ಅರಿಶಿನ ಸುಣ್ಣ ಕಲಸಿ ತಂದು ಅಳಿಯನ ಕಾಲಿಗೆ ಕಟ್ಟಿದರು. ಅವರ ಕಣ್ಣು ತುಂಬಿತ್ತು.

"ಕಣ್ಣು ಒರಳಲ್ಲಿರ್ಬೇಕು ಕಣಪ್ಪ" ಎಂದರು.

"ನಮ್ಮಪ್ಪನಿಗೆ ಏನ್ ಹೇಳೋದು ಮಾವ?" ಎಂದ ಕದಿರೇಶ. ಅವನ ಮುಖ ಬಿಳಿಚಿಕೊಂಡಿತ್ತು.

ಆದಿಲಕ್ಷ್ಮಿ ತವರಿನಲ್ಲೇ ಬಿಟ್ಟುಹೋಗಿದ್ದ ಬ್ಯಾಟನ್ನು ಕೋದಂಡರಾಮಪ್ಪನವರು ಮೂಲೆಯಿಂದ ತಂದು ಅವನ ಪಕ್ಕದಲ್ಲಿಟ್ಟರು. ಕಾರ್ಡು ಬರೆದವನು ನಾನು. ಅಕ್ಷರ ಚೆನ್ನಾಗಿದೆ ಎಂದು ಇಂಥದ್ದಕ್ಕೆಲ್ಲ ನನ್ನನ್ನೇ ಹಿಡಿಯುತ್ತಾರೆ. "ಚಿರಂಜೀವಿ ಕದಿರೇಶನಿಗೆ ಬೇಸ್‌ಬಾಲ್ ಆಡುವಾಗ ಎಡಗಾಲಿಗೆ ಸ್ವಲ್ಪ ಪೆಟ್ಟಾಗಿದೆ. ಗಾಬರಿಪಡುವಂಥದ್ದು ಏನೂ ಇಲ್ಲ."

ಮೂರನೆಯ ದಿನ ಉತ್ತರ ಬಂತು. "ಕ್ಷೇಮ. ಪೆಟ್ಟು ಎಡಗಾಲಿಗೆ ಮಾತ್ರವೆಂದು ತಿಳಿದು ಚಿಂತೆಯಾಯಿತು. ತಮ್ಮಂತೆ ಎರಡಕ್ಕೂ ಬಿದ್ದರೆ ನಡಿಗೆ ಸರಿಹೋಗುತ್ತದೆ. ಆದ್ದರಿಂದ ಅರ್ಧಕ್ಕೆ ನಿಲ್ಲಿಸದೆ ಇನ್ನೂ ನಾಲ್ಕು ದಿನ ಅಲ್ಲಿಯೇ ಇರಿಸಿಕೊಂಡು ಆಡಿಸುವುದು."

ಕದಿರೇಶ ಆ ಕಾರ್ಡನ್ನು ಎರಡು ಸಲ ಓದಿದ. ಮಡಿಸಿ ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದು ಕುಂಟುತ್ತಾ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒನಕೆಯ ಸದ್ದು ಕೇಳಿಸಿತು.